ಫಿಲಿಪೀನ್ಸ್‌ನ ಹಳೇ ಊರುಗಳಿಗೆ ಗುಂಪು ಪ್ರವಾಸ: ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

2025ರ ಜೂನ್‌ನಿಂದ ಭಾರತೀಯ ಪ್ರವಾಸಿಗಳು ವೀಸಾ ಇಲ್ಲದೆ 14 ದಿನ ಫಿಲಿಪೀನ್ಸ್‌ನಲ್ಲಿ ಇರಬಹುದು. ಅದಾದ ಮೇಲೆ ನಮ್ಮ ಕಡೆಯ ಪ್ರವಾಸ ಪ್ಯಾಕೇಜುಗಳಲ್ಲಿ ಬೊರಾಕೈ, ಸೆಬು ಕಡಲತೀರಗಳ ಪಕ್ಕದಲ್ಲೇ ‘ಪಾರಂಪರಿಕ ಪಟ್ಟಣಗಳ ರೋಡ್ ಟ್ರಿಪ್’ ಎಂಬ ಸಾಲೂ ಕಾಣತೊಡಗಿದೆ. ಒಳ್ಳೆಯದೇ. ಆದರೆ ಆರು ದಿನಕ್ಕೆ ವೀಗನ್, ಪಾವೊಯ್, ಲುಕ್ಬಾನ್, ತಾಲ್ ಎಲ್ಲವನ್ನೂ ತುರುಕಿದ ಪಟ್ಟಿ ನೋಡಿದರೆ, ಬರೆದವರು ಭೂಪಟದ ಮೇಲೆ ಗೇಣು ಹಾಕಿ ಅಳೆದಿದ್ದಾರೆ ಅನ್ನಿಸುತ್ತದೆ. ಹೊರಡುವ ಯೋಚನೆಯಲ್ಲಿರುವ ಓದುಗರಿಗೆ, ಅದರಲ್ಲೂ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ, ಕೆಲವು ವಿಷಯ ತಿಳಿಸಲು ಈ ಪತ್ರ.

ಮೊದಲನೆಯದು, ಮನಿಲಾದಿಂದ ಉತ್ತರಕ್ಕೆ ಒಂದು ದಾರಿ, ದಕ್ಷಿಣಕ್ಕೆ ಇನ್ನೊಂದು. ಎರಡನ್ನೂ ಒಂದೇ ವಾರದಲ್ಲಿ ಬೆರೆಸಬೇಡಿ. ಉತ್ತರದ ವೀಗನ್ ಮನಿಲಾದಿಂದ ಸುಮಾರು 400 ಕಿ.ಮೀ. ಎನ್‌ಲೆಕ್ಸ್, ಎಸ್‌ಸಿಟೆಕ್ಸ್, ಟಿಪ್ಲೆಕ್ಸ್ ಎಂಬ ಮೂರು ಎಕ್ಸ್‌ಪ್ರೆಸ್‌ವೇಗಳು ಒಂದಕ್ಕೊಂದು ಕೂಡಿಕೊಂಡು ಲಾ ಯೂನಿಯನ್ ಪ್ರಾಂತದ ರೊಸಾರಿಯೊವರೆಗೆ ಒಯ್ಯುತ್ತವೆ. ಅರ್ಧಕ್ಕಿಂತ ಹೆಚ್ಚು ದೂರ ಮೂರು ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಮುಂದಿನದು ಊರೂರ ನಡುವೆ ಹಾಯುವ ಹಳೇ ಹೆದ್ದಾರಿ. ಟ್ರೈಸಿಕಲ್ ಎಂಬ ಪಕ್ಕಗೂಡಿನ ಬೈಕು, ಜೀಪ್ನಿ ಎಂಬ ಉದ್ದ ಜೀಪು, ಶಾಲೆ ಬಿಟ್ಟ ಮಕ್ಕಳು, ಸಂತೆ. ಉಳಿದ ದೂರಕ್ಕೆ ನಾಲ್ಕರಿಂದ ಐದು ಗಂಟೆ ಬೇಕು. ಊಟ, ವಿಶ್ರಾಂತಿ ಸೇರಿಸಿದರೆ ಇಡೀ ಹಗಲು ರಸ್ತೆಯಲ್ಲೇ. ಬೆಳಗಿನ ನಾಲ್ಕಕ್ಕೆ ಮನಿಲಾ ಬಿಟ್ಟವರು ಮಧ್ಯಾಹ್ನ ವೀಗನ್‌ನಲ್ಲಿ ಇರುತ್ತಾರೆ, ಏಳಕ್ಕೆ ಬಿಟ್ಟವರು ಕತ್ತಲಾಗುವಾಗ. ವಿಮಾನ ಇಳಿದ ದಿನವೇ ವೀಗನ್‌ಗೆ ಹೊರಡಿಸುವ ಪಟ್ಟಿ ಯಾರಾದರೂ ಕೊಟ್ಟರೆ ವಾಪಸ್ ಕೊಟ್ಟುಬಿಡಿ. ಬೆಂಗಳೂರಿನಿಂದ ಸಿಂಗಪುರದ ಮೂಲಕ ಹೋಗುವವರಿಗೆ ಒಂದು ಉಪಾಯವಿದೆ: ಅಲ್ಲಿಂದ ಕ್ಲಾರ್ಕ್‌ಗೂ ವಿಮಾನಗಳಿವೆ. ಆ ನಿಲ್ದಾಣ ಮನಿಲಾದ ಉತ್ತರಕ್ಕೆ, ಎಕ್ಸ್‌ಪ್ರೆಸ್‌ವೇಯ ಮಗ್ಗುಲಲ್ಲೇ ಇದೆ. ಉತ್ತರದ ಪ್ರವಾಸವಾದರೆ ಮನಿಲಾ ಟ್ರಾಫಿಕ್ಕಿನ ತಂಟೆಯೇ ಇಲ್ಲ.

ಇನ್ನು ಗಾಡಿ. ಅಲ್ಲಿ ಗುಂಪಿಗೆ ಸಿಗುವುದು ಬಹುತೇಕ ಟೊಯೋಟಾ ಹಯೇಸ್ ವ್ಯಾನ್. ‘14 ಸೀಟು’ ಅಂದರೆ 14 ಜನ ಕೂರಬಹುದು ಅಂತ ಅಷ್ಟೆ. ಅವರ ಸೂಟ್‌ಕೇಸ್ ಎಲ್ಲಿ ಅಂತ ಯಾರೂ ಹೇಳುವುದಿಲ್ಲ. ನಮ್ಮ ಟೆಂಪೊ ಟ್ರಾವೆಲರಿನಲ್ಲಿ ಮೇಲೆ ಕ್ಯಾರಿಯರ್ ಹಾಕಿಸಿ ಟಾರ್ಪಾಲ್ ಬಿಗಿದು ಸಾಮಾನು ಕಟ್ಟುವ ರೂಢಿ. ಬಾಡಿಗೆ ಹಯೇಸ್‌ಗೆ ಸಾಮಾನ್ಯವಾಗಿ ಕ್ಯಾರಿಯರ್ ಇರುವುದಿಲ್ಲ, ಹಿಂದಿನ ಸಾಲಿಗೂ ಬಾಗಿಲಿಗೂ ನಡುವೆ ಒಂದು ಅಡಿ ಜಾಗವೂ ಉಳಿಯುವುದಿಲ್ಲ. ಲೆಕ್ಕ ಸುಲಭ: 14 ಸೀಟಿನ ವ್ಯಾನಿಗೆ ಒಂಬತ್ತು, ಹೆಚ್ಚೆಂದರೆ ಹತ್ತು ಜನ. ಕೊನೆಯ ಸಾಲು ಪೂರ್ತಿ ಸಾಮಾನಿಗೆ. ಓಡಾಡುವ ಜಾಗದಲ್ಲಿ ಮಡಚಿಡುವ ಸೀಟುಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ, ಎಂಟು ಗಂಟೆ ಅದರಲ್ಲಿ ಕೂತವರ ಸೊಂಟ ಮಾತಾಡುತ್ತದೆ. ಹಿಂದಿನ ಸಾಲು ಆಕ್ಸಲ್‌ನ ಮೇಲೆ ಬರುವುದರಿಂದ ಎತ್ತಿಹಾಕುವುದು ಅಲ್ಲೇ ಜಾಸ್ತಿ. ವಾಂತಿಯಾಗುವವರಿಗೆ ಡ್ರೈವರ್ ಹಿಂದಿನ ಮೊದಲ ಸಾಲು ಕೊಡಿ.

ಸ್ವತಃ ಓಡಿಸುವ ಆಸೆ ಇರುವವರಿಗೆ ಕಾನೂನು ಅಡ್ಡಿಯಿಲ್ಲ. ಇಂಗ್ಲಿಷ್‌ನಲ್ಲಿರುವ ವಿದೇಶಿ ಲೈಸೆನ್ಸ್ 90 ದಿನ ನಡೆಯುತ್ತದೆ, ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಬಾಡಿಗೆಯವರು ತಕರಾರು ಮಾಡುವುದಿಲ್ಲ. ಆದರೆ ಅಲ್ಲಿ ಬಲಗಡೆ ಸಂಚಾರ, ಸ್ಟೀರಿಂಗ್ ಎಡಕ್ಕೆ. ಖಾಲಿ ರಸ್ತೆಯಲ್ಲಿ ಬೇಗ ಒಗ್ಗುತ್ತದೆ. ಎರಡು ಲೇನಿನ ರಸ್ತೆಯಲ್ಲಿ ಟ್ರೈಸಿಕಲ್ ಹಿಂದಿಕ್ಕುವಾಗ ಕಣ್ಣು ಹಳೇ ಚಾಳಿಯಂತೆ ತಪ್ಪು ಕಡೆಗೆ ನೋಡುತ್ತದೆ. ಹತ್ತು ಜನರ ಜೀವ ಹೊತ್ತುಕೊಂಡು ಆ ಪ್ರಯೋಗ ಬೇಡ, ಡ್ರೈವರ್ ಸಮೇತವೇ ಗಾಡಿ ತೆಗೆದುಕೊಳ್ಳಿ.

ಒಪ್ಪಂದ ಮಾಡುವಾಗ ಡೀಸೆಲ್, ಟೋಲ್, ಪಾರ್ಕಿಂಗ್, ಡ್ರೈವರ್‌ನ ಊಟ ಮತ್ತು ರಾತ್ರಿ ರೂಮು ಯಾರ ಖರ್ಚು, ದಿನಕ್ಕೆ ಎಷ್ಟು ಗಂಟೆಯ ಮೇಲೆ ಓವರ್‌ಟೈಮ್ ಎಂಬುದನ್ನು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಕಡಿಮೆ ದರ ಹೇಳುವವರ ಬಿಲ್ ಉಬ್ಬುವುದು ಇಲ್ಲಿಯೇ. ಟೋಲಿನದು ಇನ್ನೊಂದು ಕತೆ. ನಮ್ಮಲ್ಲಿ ಫಾಸ್ಟ್ಯಾಗ್ ಒಂದೇ; ಅಲ್ಲಿ ಈಸಿಟ್ರಿಪ್, ಆಟೊಸ್ವೀಪ್ ಎಂಬ ಎರಡು ವ್ಯವಸ್ಥೆಗಳು ಬೆಳೆದುಬಂದಿವೆ. ಎನ್‌ಲೆಕ್ಸ್, ಎಸ್‌ಸಿಟೆಕ್ಸ್ ಮೊದಲನೆಯದರ ಕೈಯಲ್ಲಿ, ಟಿಪ್ಲೆಕ್ಸ್ ಮತ್ತು ದಕ್ಷಿಣದ ಎಸ್‌ಲೆಕ್ಸ್ ಎರಡನೆಯದರ ಕೈಯಲ್ಲಿ. ಒಂದರಲ್ಲಿ ದುಡ್ಡಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ನಡುದಾರಿಯಲ್ಲಿ ಗೇಟು ಏಳದೆ ಹೋಗಬಹುದು. ಹೊರಡುವ ಹಿಂದಿನ ಸಂಜೆಯೇ ಎರಡರಲ್ಲೂ ‘ಲೋಡ್’ ಇದೆಯೇ ಎಂದು ಕೇಳಿ. ಬ್ಯಾಲೆನ್ಸ್‌ಗೆ ಅವರ ಮಾತು ಅದೇ. ಮನಿಲಾ ಒಳಗೆ ನಂಬರ್ ಕೋಡಿಂಗ್ ಉಂಟು: ನಂಬರ್ ಪ್ಲೇಟಿನ ಕೊನೆಯ ಅಂಕಿ 1, 2 ಇದ್ದರೆ ಸೋಮವಾರ, 3, 4 ಇದ್ದರೆ ಮಂಗಳವಾರ, ಹೀಗೆ ಶುಕ್ರವಾರದವರೆಗೆ, ಬೆಳಗ್ಗೆ 7ರಿಂದ 10, ಸಂಜೆ 5ರಿಂದ 8 ಗಾಡಿ ರಸ್ತೆಗಿಳಿಯುವಂತಿಲ್ಲ. ಹೊರಡುವ ದಿನಕ್ಕೆ ಹೊಂದುವ ನಂಬರಿನ ವ್ಯಾನನ್ನೇ ಕೇಳಿ. ಡ್ರೈವರನ್ನು ‘ಕುಯಾ’ ಎಂದು ಕರೆಯಿರಿ, ಅಣ್ಣ ಅಂತ. ಮಾತಿನ ಜೊತೆಗೆ ‘ಪೊ’ ಸೇರಿಸಿದರೆ ನಮ್ಮ ‘ರೀ’ ಸೇರಿಸಿದ ಹಾಗೆ.

ವೀಗನ್‌ನ ಮುಖ್ಯ ಬೀದಿ ಕಾಯೆ ಕ್ರಿಸೊಲೊಗೊಗೆ ಮೋಟಾರು ಗಾಡಿ ಬಿಡುವುದಿಲ್ಲ, ಕಲೇಸಾ ಎಂಬ ಕುದುರೆಗಾಡಿ ಮಾತ್ರ. ಆ ಬೀದಿಯ ಒಳಗಿನ ಹೋಟೆಲ್ ಕಾಯ್ದಿರಿಸಿದರೆ ಸೂಟ್‌ಕೇಸನ್ನು ಗುಂಡುಕಲ್ಲಿನ ಹಾಸಿನ ಮೇಲೆ ಎಳೆಯಬೇಕು. ಚಿಕ್ಕ ಚಕ್ರಗಳು ಉಳಿಯುವುದು ಅನುಮಾನ. ಒಂದೆರಡು ಬೀದಿ ಆಚೆ, ವ್ಯಾನ್ ಬಾಗಿಲಿಗೆ ಬರುವಂಥದ್ದು ಹಿಡಿಯಿರಿ. ಹಳೇ ಮನೆಯನ್ನೇ ಹೋಟೆಲ್ ಮಾಡಿದ ಕಡೆ ಇನ್ನೊಂದು ತೊಡಕು: ‘ಬಾಹಾಯ್ ನಾ ಬಾತೊ’ ಎಂಬ ಈ ಕಲ್ಲುಮನೆಗಳಲ್ಲಿ ಕೆಳಗಿನ ಅಂತಸ್ತು ಸಾರೋಟು ನಿಲ್ಲಿಸಲು, ದವಸ ತುಂಬಲು. ವಾಸವೆಲ್ಲ ಮೇಲೆ. ಹಾಗಾಗಿ ಒಳ್ಳೆಯ ಕೋಣೆಗಳೆಲ್ಲ ಮಹಡಿಯಲ್ಲಿ, ಮರದ ಮೆಟ್ಟಿಲು ಕಡಿದು, ಲಿಫ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಮಂಡಿ ನೋವಿನವರಿಗೆ ಕೆಳಗಿನ ಕೋಣೆ ಇದೆಯೇ ಎಂದು ಮೊದಲೇ ವಿಚಾರಿಸಿ.

ಆ ಮೆಟ್ಟಿಲು ಹತ್ತಬಲ್ಲವರು ಮೇಲಿನ ಕಿಟಕಿಯ ಹತ್ತಿರ ಐದು ನಿಮಿಷ ನಿಲ್ಲಿ. ಗಾಜಿನ ಬದಲು ಕಪೀಸ್ ಎಂಬ ಚಪ್ಪಟೆ ಕಡಲಚಿಪ್ಪನ್ನು ಅಂಗೈಗಿಂತ ಚಿಕ್ಕ ಚೌಕಗಳಾಗಿ ಕತ್ತರಿಸಿ ಮರದ ಜಾಲರಿಯಲ್ಲಿ ಕೂರಿಸಿರುತ್ತಾರೆ. ಬೆಳಕು ಬರುತ್ತದೆ, ಉರಿಬಿಸಿಲು ಬರುವುದಿಲ್ಲ; ಒಳಗೆಲ್ಲ ಹಾಲು ಬಣ್ಣ. ಚೌಕಟ್ಟು ಪಕ್ಕಕ್ಕೆ ಸರಿಯುವಂಥದ್ದು. ಅದರ ಕೆಳಗೆ, ನೆಲದ ಮಟ್ಟದಲ್ಲಿ ಕಂಬಿ ಹಾಕಿದ ಸಣ್ಣ ಕಿಂಡಿ, ವೆಂಟನಿಯಾ. ಮೇಲಿನ ಕಿಟಕಿ ಮುಚ್ಚಿದರೂ ಅಲ್ಲಿಂದ ಗಾಳಿ ಆಡುತ್ತದೆ. ಗೋವಾದ ಹಳೇ ಮನೆಗಳಲ್ಲಿ ಇದೇ ಚಿಪ್ಪಿನ ಕಿಟಕಿ ಕಂಡವರಿಗೆ ಗುರುತು ಹತ್ತುತ್ತದೆ.

ಕೆಳಗೆ ಕಲ್ಲು, ಇಟ್ಟಿಗೆ, ಮೇಲೆ ಮರ ಎಂಬ ಈ ಕಟ್ಟೋಣ ಭೂಕಂಪ ಕಲಿಸಿದ ಪಾಠ. 2022ರ ಜುಲೈ 27ರಂದು ಅಬ್ರಾ ಪ್ರಾಂತದಲ್ಲಿ 7.0 ತೀವ್ರತೆಯ ಭೂಕಂಪವಾದಾಗ ವೀಗನ್‌ನ ಹಲವು ಮನೆಗಳಿಗೂ ಪಕ್ಕದ ಬಂತಾಯ್ ಗಂಟೆಗೋಪುರಕ್ಕೂ ಪೆಟ್ಟಾಯಿತು. ಗೋಪುರ ಹತ್ತುವುದೇ ಕಾರ್ಯಕ್ರಮವಾಗಿದ್ದರೆ ತೆರೆದಿದೆಯೇ ಎಂದು ವಿಚಾರಿಸಿ ಹೋಗಿ. ಈ ಪಾಠದ ಅತಿ ದೊಡ್ಡ ಉದಾಹರಣೆ ಬೇಕೆಂದರೆ ಇನ್ನೂ ಒಂದೂವರೆ, ಎರಡು ಗಂಟೆ ಉತ್ತರಕ್ಕೆ ಹೋಗಿ ಪಾವೊಯ್ ಚರ್ಚ್ ನೋಡಬೇಕು. 1710ರಲ್ಲಿ ಮುಗಿದದ್ದು. ಎರಡು ಪಕ್ಕಗಳಲ್ಲೂ ಹಿಂಬದಿಯಲ್ಲೂ ಒಟ್ಟು 24 ಆನಿಕೆಗೋಡೆಗಳು, ಒಂದೊಂದೂ ಸುಮಾರು 1.67 ಮೀಟರ್ ದಪ್ಪ. ಗಂಟೆಗೋಪುರವನ್ನು ಚರ್ಚಿನಿಂದ ದೂರ, ಬೇರೆಯಾಗಿಯೇ ನಿಲ್ಲಿಸಿದ್ದಾರೆ: ಬಿದ್ದರೂ ಮಾಡಿನ ಮೇಲೆ ಬೀಳಬಾರದು. ಮುಂಬಾಗಿಲಲ್ಲಿ ಫೋಟೋ ತೆಗೆದು ವ್ಯಾನ್ ಹತ್ತಿಬಿಡುತ್ತಾರೆ ಜನ. ಪಕ್ಕದ ಹುಲ್ಲಿನ ಮೇಲೆ ನಡೆದು ಹಿಂದಿನವರೆಗೆ ಹೋಗಿ ಬನ್ನಿ, ಆ ಗೋಡೆಗಳ ಕೆಲಸ ಅರ್ಥವಾಗುವುದು ಅಲ್ಲಿಂದ. ಮನಿಲಾದ ಸಾನ್ ಅಗುಸ್ತಿನ್, ದಾರಿಯಲ್ಲೇ ಸಿಗುವ ಗುಡ್ಡದ ಮೇಲಿನ ಸಾಂತಾ ಮರಿಯಾ, ಈ ಪಾವೊಯ್ ಮತ್ತು ಇಲೊಯ್ಲೊ ಪ್ರಾಂತದ ಮಿಯಾಗಾವ್, ಈ ನಾಲ್ಕು ಚರ್ಚುಗಳು 1993ರಲ್ಲಿ ಒಟ್ಟಿಗೆ ಯುನೆಸ್ಕೊ ಪಟ್ಟಿ ಸೇರಿದವು; ವೀಗನ್ ಸೇರಿದ್ದು 1999ರಲ್ಲಿ. ಸಾಂತಾ ಮರಿಯಾಕ್ಕೆ 80ಕ್ಕೂ ಹೆಚ್ಚು ಮೆಟ್ಟಿಲು, ಮಧ್ಯಾಹ್ನ ಬೇಡ. ಉತ್ತರಕ್ಕೆ ಒಟ್ಟು ಐದು ರಾತ್ರಿ ಇಟ್ಟುಕೊಳ್ಳಿ, ಅದರಲ್ಲಿ ಮೂರು ವೀಗನ್‌ನಲ್ಲಿ.

ಅಷ್ಟು ದಿನ ಇಲ್ಲದವರಿಗೆ ದಕ್ಷಿಣದ ಸುತ್ತೇ ಸರಿ, ಮೂರು ರಾತ್ರಿ ಸಾಕು. ಪೀಲಾ, ಪಗ್ಸಂಹಾನ್, ನಗ್‌ಕರ್ಲಾನ್‌ನ ನೆಲದೊಳಗಿನ ಸ್ಮಶಾನ, ಚಪ್ಪಲಿಗೆ ಹೆಸರಾದ ಲಿಲಿವ್, ಲುಕ್ಬಾನ್, ತಯಾಬಸ್, ಸರಿಯಾಯ, ಕೊನೆಗೆ ಬತಂಗಾಸ್‌ನ ತಾಲ್. ಊರಿಂದೂರಿಗೆ ದೂರ ಕಡಿಮೆ. ಕಾಟ ಕೊಡುವುದು ಕಲಂಬಾ ಊರಿನ ಪನ್ಸೋಲ್. ಬಿಸಿನೀರಿನ ರೆಸಾರ್ಟುಗಳ ಸಾಲು, ಶನಿವಾರ, ಭಾನುವಾರ ಗಾಡಿ ತೆವಳುತ್ತದೆ. ವಾರದ ನಡುವೆ ಹೋಗಿ. ತಾಲ್‌ನ ಬಸಿಲಿಕಾ ಎಂಬ ದೊಡ್ಡ ಚರ್ಚು 88 ಮೀಟರ್‌ಗೂ ಹೆಚ್ಚು ಉದ್ದ. ಫಿಲಿಪೀನ್ಸ್‌ನ ಮೊದಲ ಬಾವುಟ ಹೊಲಿದ ಮರ್ಸೆಲಾ ಅಗೊನ್ಸಿಯೊ ಅವರ ಮನೆ ಅದೇ ಊರಲ್ಲಿ ಮ್ಯೂಸಿಯಂ ಆಗಿದೆ. ಅಲ್ಲಿನ ಕಸೂತಿ ಕೊಳ್ಳಿ. ಬಾಲಿಸೋಂಗ್ ಎಂಬ ಮಡಚುಚಾಕು ಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾಗುತ್ತದೆ.

ಲುಕ್ಬಾನ್‌ನ ಪಹಿಯಾಸ್ ಹಬ್ಬ ಮೇ 15ಕ್ಕೆ. ಅಂದು ಮನೆಮುಂದೆ ತೂಗುಬಿಡುವ ಬಣ್ಣದ ಎಲೆಗಳಿಗೆ ಕಿಪಿಂಗ್ ಅನ್ನುತ್ತಾರೆ. ನಮ್ಮ ಅಕ್ಕಿ ಹಪ್ಪಳ ಬಲ್ಲವರಿಗೆ ಅದು ಹೊಸತೇ ಅಲ್ಲ: ಅಕ್ಕಿ ಹಿಟ್ಟಿಗೆ ಬಣ್ಣ ಬೆರೆಸಿ ತೆಳ್ಳಗೆ ಎಲೆಯ ಮೇಲೆ ಹಚ್ಚಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಬಿಡಿಸುತ್ತಾರೆ, ಮುದುರದಂತೆ ಭಾರ ಹೇರುತ್ತಾರೆ. ಎಲೆಯ ನರ ನರವೂ ಅದರಲ್ಲಿ ಮೂಡಿರುತ್ತದೆ. ಹಬ್ಬ ಮುಗಿದ ಮೇಲೆ ಕರಿದು ತಿನ್ನುವುದು. ಆದರೆ ಅಂದು ಊರೊಳಗೆ ವ್ಯಾನ್ ನುಗ್ಗುವುದಿಲ್ಲ. ಊರಾಚೆ ನಿಲ್ಲಿಸಿ ನಡೆಯಬೇಕು, ಮೇ ಸೆಕೆ ಬೇರೆ. ಹತ್ತಿರದ ಊರಲ್ಲಿ ಹಿಂದಿನ ರಾತ್ರಿ ತಂಗಿ ಬೆಳಗ್ಗೆ ಆರಕ್ಕೇ ಹೋಗಬಲ್ಲವರು ಮಾತ್ರ ಆ ದಿನ ಆರಿಸಿಕೊಳ್ಳಿ.

ಊಟದ ವಿಷಯ. ವೀಗನ್ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ, ಸಸ್ಯಾಹಾರಿಗಳಿಗೆ ಕಷ್ಟವಾಗುವ ಊರೇ ಅದು. ‘ಗುಲಾಯ್’ ಅಂದರೆ ತರಕಾರಿ, ಆದರೆ ತರಕಾರಿ ಪಲ್ಯಕ್ಕೂ ಹಂದಿಮಾಂಸದ ಚೂರು ಬೀಳುತ್ತದೆ. ಪಿನಕ್‌ಬೆಟ್ ನೋಡಲು ಬದನೆ, ಹಾಗಲ, ಬೆಂಡೆಯ ಪಲ್ಯ. ರುಚಿ ಕೊಡುವುದು ಬಾಗೊಓಂಗ್, ಹುಳಿ ಬರಿಸಿದ ಮೀನು ಅಥವಾ ಸೀಗಡಿಯ ಗೊಜ್ಜು. ‘ವೆಜಿಟೇರಿಯನ್’ ಎಂದರೆ ಸಾಲದು. ‘ವಲಾಂಗ್ ಕಾರ್ನೆ, ವಲಾಂಗ್ ಇಸ್ದಾ, ವಲಾಂಗ್ ಪಾತಿಸ್, ವಲಾಂಗ್ ಬಾಗೊಓಂಗ್ ಪೊ’, ಅಂದರೆ ಮಾಂಸ, ಮೀನು, ಮೀನಿನ ರಸ, ಆ ಗೊಜ್ಜು ಯಾವುದೂ ಬೇಡ ಎಂದು ಚೀಟಿಯಲ್ಲಿ ಬರೆದಿಟ್ಟು ತೋರಿಸಿ. ಎಂಪನಾಡ ಎಂಬ ಕರಿದ ಕಡುಬು ತಿನ್ನುವ ಆಸೆಯಿದ್ದರೆ ಸಾಸೇಜ್, ಮೊಟ್ಟೆ ಬಿಟ್ಟು ಪಪ್ಪಾಯಿ ತುರಿ ಮಾತ್ರ ಹಾಕಿಸಿ. ಎಣ್ಣೆ ಮಾತ್ರ ಎಲ್ಲದಕ್ಕೂ ಒಂದೇ, ಅದು ನಡೆಯದವರು ದೂರ ಇರಿ. ನಿಶ್ಚಿಂತೆಯಿಂದ ತಿನ್ನಬಹುದಾದವು ಬಾಳೆಲೆಯಲ್ಲಿ ಸುತ್ತಿದ ಸುಮಾನ್ ಎಂಬ ಅಂಟಕ್ಕಿಯ ಕಡುಬು, ಬೆಲ್ಲದ ಪಾಕ ಹಾಕಿದ ತಾಹೊ ಎಂಬ ಮೆತ್ತನೆಯ ಸೋಯಾ ತಿನಿಸು, ಮಾವು, ಬಾಳೆ. ಉಳಿದದ್ದಕ್ಕೆ ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ರೈಸ್ ಕುಕ್ಕರ್ ಒಯ್ಯಿರಿ. ಅನ್ನಕ್ಕೆ ಅಲ್ಲಿ ಬರವಿಲ್ಲ. ಕರೆಂಟು 220 ವೋಲ್ಟೇ, ಆದರೆ ಪ್ಲಗ್ ಚಪ್ಪಟೆ ಎರಡು ಕಡ್ಡಿಯದು, ನಮ್ಮ ಗುಂಡುಪಿನ್ ಹೋಗುವುದಿಲ್ಲ. ಕುಕ್ಕರಿನ ಹೊರೆ ತಡೆಯುವ ಅಡಾಪ್ಟರ್ ಇಲ್ಲಿಂದಲೇ ಕೊಳ್ಳಿ, ಮೊಬೈಲ್ ಚಾರ್ಜರಿನದು ಸುಟ್ಟುಹೋಗುತ್ತದೆ.

ಶೌಚಾಲಯ ಎಲ್ಲಿ ಎಂದು ಕೇಳಲು ‘ಸಿಆರ್’ ಎಂದರೆ ಸಾಕು. ‘ತಾಬೊ’ ಎಂದರೆ ನಮ್ಮ ಚೊಂಬೇ, ಸಣ್ಣ ಊರುಗಳಲ್ಲಿ ಅದು ಇದ್ದೇ ಇರುತ್ತದೆ. ಐದು, ಹತ್ತು ಪೆಸೊ ಚಿಲ್ಲರೆ ಜೇಬಲ್ಲಿರಲಿ. ಕಾಲ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಭಯ. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಮನಿಲಾಕ್ಕೆ ಮನಿಲಾವೇ ಊರಿಗೆ ಹೊರಡುತ್ತದೆ, ಗುರುವಾರ, ಶುಕ್ರವಾರ ಅಂಗಡಿಗಳೂ ಮುಚ್ಚಿರುತ್ತವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಬೇಕು. ಇಳಿಯುವುದಕ್ಕೆ ಮುಂಚಿನ 72 ಗಂಟೆಯೊಳಗೆ ‘ಇಟ್ರಾವೆಲ್’ ಎಂಬ ಆನ್‌ಲೈನ್ ನೋಂದಣಿ ಒಬ್ಬೊಬ್ಬರೂ ಮಾಡಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ನಕಲಿ. ಹದಿನಾಲ್ಕು ದಿನದ ಅವಧಿ ಮುಂದುವರಿಸಿ ಕೊಡುವುದಿಲ್ಲ, ಆದ್ದರಿಂದ ಹದಿಮೂರನೇ ದಿನ ವೀಗನ್‌ನಲ್ಲಿ ಇರಬೇಡಿ.

ಕೊನೆಯ ಒಂದು ದಿನ ಮನಿಲಾದಲ್ಲಿ ಖಾಲಿ ಇಟ್ಟುಕೊಂಡರೆ ಮಳೆ, ಟ್ರಾಫಿಕ್ ಯಾವುದು ಬಂದರೂ ವಿಮಾನ ತಪ್ಪುವುದಿಲ್ಲ. ಯಾವುದೂ ಬರದಿದ್ದರೆ ಆ ದಿನ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂಗೆ ಹೋಗಿ, ಪ್ರವೇಶ ಉಚಿತ. ಲಗುನಾ ಪ್ರಾಂತದ ಹೊಳೆಯಲ್ಲಿ ಸಿಕ್ಕ ತಾಮ್ರಪಟವೊಂದು ಅಲ್ಲಿದೆ. ಭಾಷೆ ಹಳೆಯ ಮಲಯ, ಲಿಪಿ ಕಾವಿ. ಆರಂಭ ಮಾತ್ರ ನಮ್ಮ ಯಾವ ಶಾಸನದಲ್ಲಾದರೂ ಇರುವಂಥದ್ದೇ: ‘ಸ್ವಸ್ತಿ’ ಎಂದು ಶುರುವಾಗಿ ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷ ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900. ಒಬ್ಬನ ಸಾಲ ತೀರಿತು ಎಂದು ಬರೆದುಕೊಟ್ಟ ಪತ್ರ ಅದು. ಬರೆದದ್ದು ಸೋಮವಾರ, ಮ್ಯೂಸಿಯಂಗೆ ರಜೆಯೂ ಸೋಮವಾರವೇ.

ಇಂತಿ,
ಹಿರಿಯರ ಗುಂಪು ಪ್ರವಾಸ ಏರ್ಪಡಿಸುವ ಕೆಲವು ಓದುಗರು
ಬೆಂಗಳೂರು