ಉದ್ರಿ ಬುಕ್ಕು ಮುಚ್ಚುತ್ತಿದ್ದೇವೆ

ಬೀದರಿನ ನಮ್ಮ ಎಲ್ಲ ಗಿರಾಕಿಗಳಿಗೆ ಶರಣು, ಸಲಾಂ.

ಬರುವ ತಿಂಗಳ ಒಂದನೇ ತಾರೀಖಿನಿಂದ ಚೌಬಾರಾ ಹತ್ತಿರದ ನಮ್ಮ ಸಲೂನಿನಲ್ಲಿ ಉದ್ರಿ ಇರುವುದಿಲ್ಲ. ಕಟಿಂಗ್ ಆಗಲಿ, ದಾಡಿ ಆಗಲಿ, ಅಂದಿನ ದುಡ್ಡು ಅಂದೇ. ನೋಟು ಕೊಡಿ, ಇಲ್ಲ ಫೋನಿನಿಂದ ಹಾಕಿ. ದರ ಹೆಚ್ಚಿಸಿಲ್ಲ. ಮಂಗಳವಾರದ ರಜೆಯೂ ಹಾಗೇ ಇದೆ.

ಇಷ್ಟನ್ನೇ ಬೋರ್ಡ್ ಮೇಲೆ ಬರೆದು ಹಾಕಬಹುದಿತ್ತು. ಮೂರು ತಲೆಮಾರಿನ ರೂಢಿ, ಸುಮ್ನೆ ಹಾಗೆ ಮುಗಿಸೋಕೆ ಮನಸ್ಸಾಗಲಿಲ್ಲ.

ಅಜ್ಜ ಹಳ್ಳಿಯಲ್ಲಿದ್ದಾಗ ಕೈಗೆ ದುಡ್ಡೇ ಬರುತ್ತಿರಲಿಲ್ಲ. ವರ್ಷವಿಡೀ ಮನೆಮನೆಗೆ ಹೋಗಿ ದಾಡಿ ಮಾಡೋದು, ರಾಶಿ ಆದಾಗ ಕಣಕ್ಕೆ ಹೋಗಿ ಆಯದ ಜೋಳ ತರೋದು. ಬೀದರಿಗೆ ಬಂದು ಕುರ್ಚಿ ಹಾಕಿದ್ದು ನಿಜಾಮನ ಕಾಲದ ಕೊನೆಗೆ. ಆಗ ಎರಡು ಥರದ ರೂಪಾಯಿ: ಹೈದರಾಬಾದಿನ ಹಾಲಿ, ಬ್ರಿಟಿಷರ ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ಮೇಲೂ ಹಾಲಿ ಕೆಲವು ವರ್ಷ ಓಡಿತು. ಒಂದು ದಾಡಿಗೆ ಈ ಲೆಕ್ಕ ಯಾರು ಮಾಡ್ತಾರೆ? ತಿಂಗಳಿಗೊಮ್ಮೆ ಕೊಡಿ ಅಂದುಬಿಟ್ಟರು ಅಜ್ಜ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಬುಕ್ಕಿನಲ್ಲಿ ಚಿತ್ರ ಬರೆದರು. ಮಾಸ್ತರರಿಗೆ ಕನ್ನಡಕ, ಟಾಂಗಾದವರಿಗೆ ಗಾಲಿ, ಬಿದರಿ ಕೆಲಸದವರಿಗೆ ಹೂಜಿ. ಮುಂದೆ ದಾಡಿಗೊಂದು ಗೀಟು, ಕಟಿಂಗಿಗೊಂದು ಸೊನ್ನೆ. ಅಪ್ಪನೂ ಅದನ್ನೇ ನಡೆಸಿದರು. ಹಡಪದ ಅಪ್ಪಣ್ಣನವರ ಫೋಟೋ ಕೆಳಗೆ ಮೊಳೆಗೆ ನೇತಾಡುತ್ತಲ್ಲ, ಅದೇ ಬುಕ್ಕು. ಸಾಬೂನಿನ ನೊರೆ ಬಿದ್ದು ಹಾಳೆಗಳು ಅಂಟಿಕೊಂಡಿವೆ.

ಈಗಿನ ತೊಂದರೆ ಏನೆಂದರೆ, ಕನ್ನಡಕ ಎಲ್ಲರಿಗೂ ಬಂದಿದೆ! ಹೋದ ತಿಂಗಳು ಒಬ್ಬರ ಮೂರು ಕಟಿಂಗ್ ಇನ್ನೊಬ್ಬ ಕನ್ನಡಕದವರ ಲೆಕ್ಕಕ್ಕೆ ಬರೆದೆವು. ಆ ಹಿರಿಯರು ಒಂದು ಮಾತಾಡದೆ ಕೊಟ್ಟು ಹೋದರು. ತಪ್ಪು ನಮ್ಮದೇ, ಗೊತ್ತಾದ ಮೇಲೆ ಮನೆಗೆ ಹೋಗಿ ವಾಪಸ್ ಕೊಟ್ಟು ಬಂದೆವು. ಖರ್ಚೂ ಜಾಸ್ತಿ. ಅಜ್ಜ ಒಂದೇ ಉಸ್ತರಾವನ್ನು ಚರ್ಮದ ಪಟ್ಟಿಗೆ ಮಸೆದು ವರ್ಷಗಟ್ಟಲೆ ನಡೆಸಿದರು. ಈಗ ಒಬ್ಬೊಬ್ಬರಿಗೂ ಹೊಸ ಬ್ಲೇಡ್. ಸೋಮವಾರ ರಾತ್ರಿ ಇಬ್ಬರು ಹುಡುಗರಿಗೆ ಪಗಾರ ಕೊಡಬೇಕು. ಗೀಟು ತೋರಿಸಿದರೆ ಆಗುತ್ತಾ?

ಹಳೇ ಬಾಕಿ ಪೂರ್ತಿ ಬಿಟ್ಟಿದ್ದೇವೆ. ಯಾರದ್ದು ಎಷ್ಟೆಂದು ನಮಗೇ ಓದಲು ಬರದ ಮೇಲೆ ಕೇಳೋದು ಹೇಗೆ, ಅಲ್ವಾ? ಬಾಕಿಗೆ ನಾಚಿ ಚೌಬಾರಾದ ಆ ಕಡೆಯಿಂದ ಸುತ್ತು ಹಾಕಿ ಹೋಗುವವರೂ ಇನ್ನು ಈ ಕಡೆಯಿಂದಲೇ ಬನ್ನಿ. ಬುಕ್ಕು ಮೊಳೆಯಲ್ಲೇ ಇರುತ್ತದೆ. ನಿಮ್ಮ ಅಜ್ಜನ ಚಿತ್ರ ಯಾವುದೆಂದು ಗೊತ್ತಿದ್ದರೆ ತೋರಿಸಿ.

ನಿಮ್ಮ ಸಲೂನಿನವರು