ಬರೇ ಅಡಿಕೆ ಅಲ್ಲ, ಮೂರು ಬೆರಳಿನ ಅಳತೆ

ಮಾನ್ಯ ಸಂಪಾದಕರೆ,

ಕ್ಯಾನ್ಸರ್ ಬಾರದಂತೆ ಏನು ತಿನ್ನಬೇಕು ಎಂಬುದಕ್ಕೆ ಈಗ ಪ್ರತಿ ಮೊಬೈಲಿನಲ್ಲೂ ಉತ್ತರವಿದೆ. ಬೆಳಿಗ್ಗೆ ಈ ಜ್ಯೂಸು, ಖಾಲಿ ಹೊಟ್ಟೆಗೆ ಆ ಪುಡಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕೆನ್ನೆಯೊಳಗೆ ಏನಿದೆ? ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಬಾಯಿಯದು. ಅದರ ಬಹುಪಾಲಿಗೆ ತಂಬಾಕು, ಅಡಿಕೆ, ಮದ್ಯ ಈ ಮೂರೇ ಕಾರಣ. ಇವನ್ನು ಹಾಗೇ ಇಟ್ಟುಕೊಂಡು ಅರಿಸಿನದ ಹಾಲು ಕುಡಿದರೆ ರಕ್ಷಣೆ ಸಿಗುವುದಿಲ್ಲ.

“ನಾ ತಂಬಾಕ ಮುಟ್ಟಂಗಿಲ್ರಿ, ಬರೇ ಅಡಿಕಿ ಅಷ್ಟ” ಎಂಬ ಮಾತು ನಮ್ಮ ಭಾಗದಲ್ಲಿ ಎಲ್ಲಿ ಬಾಯಿ ತಪಾಸಣೆ ನಡೆದರೂ ಕೇಳಿಬರುತ್ತದೆ. ನಮಗೆ ಹೆಚ್ಚು ಚಿಂತೆ ಈ ಮಾತಿನದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಜೊತೆಗೆ ತಂಬಾಕು ಇರಲಿ ಬಿಡಲಿ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಅಡಿಕೆ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆ ಆಯಿತು. ಎರಡನ್ನೂ ಹರಿದು ಅಂಗೈಯಲ್ಲಿ ಸುರಿದುಕೊಂಡು ಬಾಯಿಗೆ ಹಾಕಿಕೊಂಡರೆ ಆಗುವುದು ಅದೇ ಗುಟ್ಕಾ. ತಂಬಾಕಿನ ಚೀಟು ಬಿಟ್ಟು ಅಡಿಕೆಯದಷ್ಟೇ ತಿನ್ನುವವರು ತಾವು ಚಟ ಬಿಟ್ಟೆವೆಂದು ನಂಬಿದ್ದಾರೆ.

ಅಡಿಕೆ ಮಾಡುವ ಕೆಡುಕು ಹೀಗಿದೆ. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದ ಜೀವಕೋಶಗಳನ್ನು ಕೆಣಕಿ ನಾರು ಹೆಚ್ಚು ತಯಾರಾಗುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳು ಒಂದಕ್ಕೊಂದು ಬಿಗಿದುಕೊಳ್ಳಲು ನೆರವಾಗುತ್ತದೆ. ಮೆತ್ತಗೆ ಹಿಗ್ಗಬೇಕಾದ ಕೆನ್ನೆ ಒಣಚರ್ಮದಂತೆ ಗಡುಸಾಗಿ, ಬಿಳಿಚಿ, ಬೆರಳಿಟ್ಟು ನೋಡಿದರೆ ಹುರಿ ಎಳೆದಂತೆ ಸಿಗುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ, ಜನ ಬಾಯಿ ಬಿಗಿತ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಒಮ್ಮೆ ಕೂತ ನಾರು ಪೂರ್ತಿ ಕರಗುವುದಿಲ್ಲ. ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು, ಅಷ್ಟೇ. ಊಟದ ಮೇಲೆ ಎಲೆಯೊಂದಿಗೆ ಹಾಕಿಕೊಳ್ಳುವ ಅಡಿಕೆಗಿಂತ ಒಣಪುಡಿಯ ಪಾನ್ ಮಸಾಲಾ ಬೇಗ ಬಿಗಿತ ತರುತ್ತದೆ. ಅದರಲ್ಲಿ ನೀರಿನಂಶವಿಲ್ಲ, ಎಲೆಯಿಲ್ಲ, ಬಹುಪಾಲು ಇರುವುದು ಒಣ ಅಡಿಕೆ, ಮೇಲಾಗಿ ದಿನಕ್ಕೆ ಹತ್ತಾರು ಸಲ. ಹಾನಗಲ್ಲ ಕಡೆ ಅಡಿಕೆ ಬೆಳೆದು ಬದುಕುವ ರೈತರಿದ್ದಾರೆ, ಈ ಮಾತು ಅವರಿಗೆ ನೋವು ಕೊಡುತ್ತದೆಂದು ಬಲ್ಲೆವು. ಆದರೂ ಶಾಲೆಯ ಪಕ್ಕದ ಅಂಗಡಿಯಲ್ಲಿ ಸಿಹಿ ಸುಪಾರಿ ಕೊಳ್ಳುವ ಮಗುವಿನ ಕೆನ್ನೆ ಮುಂದೆ ಏನಾಗುತ್ತದೆ ಎಂಬುದನ್ನು ಮುಚ್ಚಿಡಲಾಗದು.

ಬಾಯಿ ಬಿಗಿತದ ಮೊದಲ ಸುಳಿವು ನಮ್ಮ ಊಟದ ತಟ್ಟೆಯಲ್ಲೇ ಸಿಗುತ್ತದೆ. ರೊಟ್ಟಿಯೊಂದಿಗೆ ರಂಜಕ, ಹಸಿಮೆಣಸಿನಕಾಯಿ ಚಟ್ನಿ ಇಲ್ಲದೆ ಉಣ್ಣದವನು ಒಂದು ದಿನ ಚಟ್ನಿಯನ್ನು ಬದಿಗೆ ಸರಿಸುತ್ತಾನೆ. ಖಾರ ತಾಗಿದರೆ ಕೆನ್ನೆ ಉರಿಯುತ್ತದೆ. “ಉಷ್ಣ ಆಗೇತಿ” ಎಂದು ಮಜ್ಜಿಗೆ ಕುಡಿದು, ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಗುಳಿಗೆ ತಂದು ತಿಂಗಳುಗಟ್ಟಲೆ ಕಳೆಯುತ್ತಾರೆ. ಮನೆಯಲ್ಲಿ ಅಡಿಕೆ, ಮಾವಾ (ಅಡಿಕೆ-ತಂಬಾಕು-ಸುಣ್ಣದ ಮಿಶ್ರಣ) ತಿನ್ನುವವರಿದ್ದು ಅವರಿಗೆ ಖಾರ ತಡೆಯದಾದರೆ ಉಣಬಡಿಸುವವರೇ ಅದನ್ನು ಮೊದಲು ಗಮನಿಸಬಲ್ಲರು.

ತಿಂಗಳಿಗೊಮ್ಮೆ ಮನೆಯಲ್ಲೇ ಬಾಯಿ ನೋಡಿಕೊಳ್ಳಲು ಐದು ನಿಮಿಷ ಸಾಕು. ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ನಿಲ್ಲಬೇಕು. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಬೇಕು. ಅವರವರ ಬಾಯಿಗೆ ಅವರವರದೇ ಬೆರಳು ಅಳತೆ. ಮೂರೂ ಹಿಡಿಸಿದರೆ ಸರಿ. ಎರಡೇ ಹಿಡಿಸಿದರೆ ಆ ವಾರವೇ ದಂತವೈದ್ಯರಲ್ಲಿ ಹೋಗಬೇಕು. ಆಮೇಲೆ ತುಟಿಗಳನ್ನು ಮಡಚಿ ಒಳಭಾಗ, ಬೆರಳಿನಿಂದ ಕೆನ್ನೆ ಎಳೆದು ಎರಡೂ ಬದಿ, ಒಸಡು, ಅಂಗುಳ. ನಾಲಿಗೆಯ ತುದಿಯನ್ನು ಶುಭ್ರ ಅರಿವೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದು ಅದರ ಅಂಚುಗಳನ್ನು ನೋಡಬೇಕು. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿ ಮುಗಿಸುವವರೇ ಹೆಚ್ಚು. ಹುಣ್ಣು ಅಡಗುವುದು ಅಂಚಿನಲ್ಲಿ ಮತ್ತು ನಾಲಿಗೆಯ ಕೆಳಗೆ. ತಂಬಾಕು-ಸುಣ್ಣ ತಿಕ್ಕಿ ದಿನವೂ ಯಾವ ಸಂದಿಯಲ್ಲಿ ಇಡುತ್ತಾರೋ ಆ ಜಾಗವನ್ನು ಎರಡು ಸಲ ನೋಡಬೇಕು. ಕೊನೆಗೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಬದಿ ಕೈಯಾಡಿಸಿ ಗಂಟಿದೆಯೇ ತಿಳಿಯಬೇಕು.

ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಎರಡು ವಾರವಾದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ಕಾಯಬಾರದು. ಬಿಳಿಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯದ್ದು. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಆರಂಭದ ಕ್ಯಾನ್ಸರ್ ಸಾಮಾನ್ಯವಾಗಿ ನೋಯುವುದಿಲ್ಲ. ಚೂಪಾದ ಹಲ್ಲು ತಾಗಿ ಆದ ಹುಣ್ಣಾದರೆ ಹಲ್ಲನ್ನು ನುಣುಪು ಮಾಡಿಸಿದ ಎರಡು ವಾರದಲ್ಲಿ ಮಾಯಬೇಕು. ಮಾಯದಿದ್ದರೆ ಬಯಾಪ್ಸಿ, ಅಂದರೆ ಹುಣ್ಣಿನ ತುಣುಕು ತೆಗೆದು ಪರೀಕ್ಷೆ. ಅದಕ್ಕೆ ತೆಗೆಯುವುದು ಗೋಧಿಕಾಳಿನಷ್ಟು ತುಣುಕು, ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟು. “ಕತ್ತರಿ ಹಚ್ಚಿದ್ರ ಹರಡತೈತಿ” ಎಂಬ ಭಯಕ್ಕೆ ಆಧಾರವಿಲ್ಲ. ಆ ಭಯದಿಂದ ನಾಟಿ ಔಷಧಿಯ ಲೇಪದಲ್ಲಿ ಕಳೆದುಹೋಗುವ ಎರಡು-ಮೂರು ತಿಂಗಳಲ್ಲಿ ರೋಗ ತಾನಾಗಿಯೇ ಕುತ್ತಿಗೆಯ ಗಂಟುಗಳಿಗೆ ಇಳಿಯಬಹುದು.

ಬರಿಗಣ್ಣಿನಿಂದ ಬಾಯಿ ನೋಡುವುದರಿಂದ ಏನಾದೀತು ಎನ್ನುವವರಿಗೆ ಕೇರಳದ ಉದಾಹರಣೆಯಿದೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೀಗೇ ಟಾರ್ಚ್ ಹಿಡಿದು ನೋಡಿದ ದೊಡ್ಡ ಅಧ್ಯಯನದ ಫಲ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. 30 ವರ್ಷ ದಾಟಿದ ಎಲ್ಲರಿಗೂ ಬಾಯಿ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಕೇಳಿ ಮಾಡಿಸಿಕೊಳ್ಳಬೇಕು.

ಇನ್ನು ಬಿಡುವ ವಿಚಾರ. ಮನಸ್ಸು ಗಟ್ಟಿ ಮಾಡು ಎಂದರೆ ಸಾಲದು. ತಾರೀಖು ಗೊತ್ತುಮಾಡಿ, ಅದರ ಹಿಂದಿನ ರಾತ್ರಿ ಅಂಗಿಯ ಕಿಸೆ, ಬೈಕಿನ ಡಿಕ್ಕಿ, ತಲೆದಿಂಬಿನ ಬುಡ ಎಲ್ಲ ಕಡೆಯ ಚೀಟು ತೆಗೆದುಹಾಕಬೇಕು. ಮೊದಲ ಎರಡು-ಮೂರು ದಿನ ಸಿಟ್ಟು, ತಲೆನೋವು, ನಿದ್ದೆಗೇಡು ಅತಿ ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಒಂದೊಂದು ಸಲದ ತಲಬು ಇರುವುದು ಐದು-ಹತ್ತು ನಿಮಿಷ. ಆ ಹೊತ್ತಿಗೆ ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ಬಾಯಿಗೆ ಬಡೇಸೋಪು ಅಥವಾ ಏಲಕ್ಕಿ. ಇಲ್ಲಿ ಆಗುವ ದೊಡ್ಡ ತಪ್ಪು, ತಂಬಾಕು ಬಿಟ್ಟು ಸುಪಾರಿಗೆ ಹೋಗುವುದು. ಚಹಾ ಆದಮೇಲೆ ಹಾಕಿಕೊಳ್ಳುವ ರೂಢಿಯಿದ್ದರೆ ಒಂದು ತಿಂಗಳು ಆ ಕಟ್ಟೆಯ ಚಹಾವನ್ನೇ ಬಿಟ್ಟು ಮನೆಯಲ್ಲಿ ಕುಡಿಯುವುದು ಲೇಸು.

ನಿಕೋಟಿನ್ ಚೂಯಿಂಗ್ ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೇಬೇಕೆನ್ನುವವರಿಗೆ ಸಾಮಾನ್ಯವಾಗಿ 4, ಉಳಿದವರಿಗೆ 2. ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಅನೇಕರು ಅದನ್ನು ಮಾಮೂಲಿ ಗಮ್‌ನಂತೆ ಒಂದೇ ಸವನೆ ಜಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಎದೆಯುರಿ ಬರುತ್ತದೆ, “ನಮಗ ಹತ್ತಲಿಲ್ಲ” ಎಂದು ಬಿಸಾಡುತ್ತಾರೆ. ನಿಧಾನ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ-ಒಸಡಿನ ನಡುವೆ ಒತ್ತಿಡಬೇಕು. ಚುರುಚುರು ಕಡಿಮೆಯಾದಾಗ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಚಹಾ-ಕಾಫಿ, ಲಿಂಬೆ ಶರಬತ್ತು ಅದಕ್ಕೆ ಹದಿನೈದು ನಿಮಿಷ ಮೊದಲು ಬೇಡ, ಬಾಯಲ್ಲಿ ಗಮ್ ಇರುವಾಗಲೂ ಬೇಡ. ಹುಳಿಗೆ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಹೀರಿಕೆಯಾಗುವುದಿಲ್ಲ. ಬಾಯಿ ಬಿಗಿತ, ಹುಣ್ಣು ಇದ್ದವರು ಗಮ್ ಬದಲು ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಕೇಳಬೇಕು. 1800-11-2356 ರಾಷ್ಟ್ರೀಯ ಉಚಿತ ಸಹಾಯವಾಣಿ.

ಮದ್ಯ ತಂಬಾಕಿನ ಜೊತೆ ಸೇರಿದಾಗ ಅಪಾಯ ಎರಡರ ಮೊತ್ತಕ್ಕಿಂತ ಹೆಚ್ಚು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಕಾಳು-ಸೊಪ್ಪು, ಹಿಡಿತದಲ್ಲಿರುವ ತೂಕ ಇತರ ಹಲವು ಕ್ಯಾನ್ಸರುಗಳ ಸಾಧ್ಯತೆ ತಗ್ಗಿಸುತ್ತವೆ. ಜೋಳದ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ ಉಣ್ಣುವವರಿಗೆ ಅದಕ್ಕಾಗಿ ದುಬಾರಿ ಪುಡಿ ಬೇಕಿಲ್ಲ. ಶೇಂಗಾ ಮಾತ್ರ ನೋಡಿ ಬಳಸಬೇಕು. ಬೂಷ್ಟು ಹಿಡಿದ, ಕಪ್ಪಾದ, ಕಹಿಯಾದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಇರಬಹುದು, ಅದು ಯಕೃತ್ತಿನ ಕ್ಯಾನ್ಸರ್ ತರುವ ವಿಷ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ.

ರೋಗ ಬಂದವರ ಮನೆಯ ಮಾತಿಗೆ ಬರುತ್ತೇವೆ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಅಲ್ಲಿಯೇ ಇದೆ. ಬಾಯಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ. ಮೊದಲ ದಿನಕ್ಕೂ ಮುಂಚೆ ಬಿಸಿನೀರಲ್ಲಿ ಮೆದುವಾಗಿಸಿದ ಪ್ಲಾಸ್ಟಿಕ್ ಜಾಳಿಗೆಯನ್ನು ರೋಗಿಯ ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನವೂ ಆ ಮುಖವಾಡವನ್ನು ಮೇಜಿಗೆ ಬಿಗಿದು ತಲೆ ಅಲುಗದಂತೆ ಮಾಡಿಯೇ ಕಿರಣ ಕೊಡುವುದು. ರೋಗಿ ಐದಾರು ಕಿಲೋ ಇಳಿದರೆ ಕೆನ್ನೆ ಒಳಸೇರಿ ಮುಖವಾಡ ಸಡಿಲವಾಗುತ್ತದೆ, ತಲೆ ಕೆಲವು ಮಿಲಿಮೀಟರ್ ಸರಿಯುತ್ತದೆ, ಕಿರಣ ಗುರಿ ತಪ್ಪುತ್ತದೆ. ಹೊಸ ಅಚ್ಚು, ಹೊಸ ಲೆಕ್ಕ ಮಾಡುವಷ್ಟರಲ್ಲಿ ದಿನಗಳು ಹೋಗುತ್ತವೆ. ನಡುವೆ ಬಿಡುವು ಬಿದ್ದಷ್ಟೂ ಗಡ್ಡೆಗೆ ಮತ್ತೆ ಬೆಳೆಯಲು ಅವಕಾಶ. ಹಾಗಾಗಿ ಊಟವೂ ಚಿಕಿತ್ಸೆಯ ಭಾಗ. ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತದೆ, ಹಾಲು-ಮೊಟ್ಟೆ ಬೇಡ ಎಂದು ಪಥ್ಯ ಹೇಳುವ ನೆಂಟರು ಪ್ರೀತಿಯಿಂದಲೇ ರೋಗಿಯನ್ನು ಸೊರಗಿಸುತ್ತಾರೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ, ಅದನ್ನು ವೈದ್ಯರು ಹೇಳುತ್ತಾರೆ.

50 ಕಿಲೋ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್, 1,500 ಕ್ಯಾಲೊರಿಯಷ್ಟಾದರೂ ಬೇಕು. ಎರಡು-ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ಖಡಕ್ ರೊಟ್ಟಿಯಂತೂ ಗೀರುತ್ತದೆ. ಆಗ ಅಂಬಲಿಯನ್ನೇ ಪೌಷ್ಟಿಕ ಆಹಾರ ಮಾಡಬಹುದು. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ, 200 ಮಿಲಿ ಹಾಲು, ಎರಡು ಚಮಚ ಹಾಲಿನ ಪುಡಿ, ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ನುಣ್ಣಗೆ ರುಬ್ಬಿದ ಒಂದು ದೊಡ್ಡ ಚಮಚ, ಸ್ವಲ್ಪ ಬೆಲ್ಲ, ಒಂದು ಚಮಚ ತುಪ್ಪ ಸೇರಿಸಬೇಕು. ಒಂದು ಸಲಕ್ಕೆ ಸುಮಾರು 15 ಗ್ರಾಂ ಪ್ರೋಟೀನ್, 400 ಕ್ಯಾಲೊರಿ. ದಿನಕ್ಕೆ ನಾಲ್ಕು ಸಲ ಒಳಹೋದರೆ ಲೆಕ್ಕ ಮುಟ್ಟುತ್ತದೆ. ಶೇಂಗಾದ ಸಿಪ್ಪೆ ಉಳಿದರೆ ಹುಣ್ಣಿಗೆ ಅಂಟಿ ಗೋಳು. ಆರಿಸಿ ಉಗುರುಬೆಚ್ಚಗೆ ಕೊಡಬೇಕು. ಹುಳಿ ಮಜ್ಜಿಗೆ, ಟೊಮೆಟೊ, ಲಿಂಬೆ ಸದ್ಯಕ್ಕೆ ಬೇಡ.

ಮೂಗಿನ ನಳಿಕೆಯಿಂದ ಕೊಡುವವರು ಇದನ್ನೇ ಅರಿವೆಯಲ್ಲಿ ಸೋಸಿ, ಒಮ್ಮೆಗೆ 200-250 ಮಿಲಿಗೆ ಮೀರದಂತೆ, ರೋಗಿಯನ್ನು ಒರಗಿಸಿ ಕೂರಿಸಿ ನಿಧಾನ ಬಿಡಬೇಕು. ಮಲಗಿಸಿ ಕೊಟ್ಟರೆ ಆಹಾರ ಮೇಲೆ ಬಂದು ಶ್ವಾಸನಾಳಕ್ಕೆ ಹೋಗುವ ಅಪಾಯ. ಆದಮೇಲೆ ಅರ್ಧದಿಂದ ಒಂದು ಗಂಟೆ ಕೂತಿರಲಿ. ಪ್ರತಿ ಸಲದ ಹಿಂದೆ-ಮುಂದೆ 30 ಮಿಲಿ ನೀರು ಹಾಯಿಸಬೇಕು. ನಳಿಕೆ ಕಟ್ಟುವುದು ಹೆಚ್ಚಾಗಿ ಸರಿಯಾಗಿ ಪುಡಿಯಾಗದ ಗುಳಿಗೆಯಿಂದ, ಸೋಸದ ಬೇಳೆಯಿಂದ.

ಬಾಯಿ ಮುಕ್ಕಳಿಸಲು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ. ಎರಡು-ಮೂರು ತಾಸಿಗೊಮ್ಮೆ ಮುಕ್ಕಳಿಸಿ ಉಗುಳಬೇಕು, ದಿನವೂ ಹೊಸದು ಮಾಡಬೇಕು. ಉರಿಯುವ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಕೆಟ್ಟ ಹಲ್ಲು ಕೀಳಿಸುವುದಿದ್ದರೆ ವಿಕಿರಣ ಶುರುವಾಗುವ ಎರಡು-ಮೂರು ವಾರ ಮೊದಲೇ ಆಗಬೇಕು. ಆಮೇಲೆ, ವರ್ಷಗಳು ಕಳೆದ ಮೇಲೂ, ಕಿರಣ ಬಿದ್ದ ದವಡೆಯ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬು ಸಾಯಬಹುದು. ಯಾವ ದಂತವೈದ್ಯರಲ್ಲಿ ಹೋದರೂ ಇದನ್ನು ಮೊದಲು ಹೇಳಬೇಕು. ದವಡೆ ಬಿಗಿಯದಂತೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಅರ್ಧ ನಿಮಿಷ ಹಿಡಿಯುವುದು, ಐದು ಸಲ, ದಿನಕ್ಕೆ ಮೂರು ಹೊತ್ತು. ಸಲೀಸಾದಾಗ ಒಂದು ಕಡ್ಡಿ ಹೆಚ್ಚಿಸುವುದು. ಶಸ್ತ್ರಚಿಕಿತ್ಸೆ ಆದವರು ಯಾವಾಗ ಶುರುಮಾಡಬೇಕೆಂದು ಶಸ್ತ್ರವೈದ್ಯರನ್ನು ಕೇಳಬೇಕು. ಚಿಕಿತ್ಸೆಯ ನಡುವೆಯೂ ತಂಬಾಕು ಮುಂದುವರಿಸಿದರೆ ಕಿರಣದ ಪರಿಣಾಮವೇ ತಗ್ಗುತ್ತದೆ. “ಬಂದದ್ದಂತೂ ಬಂತು, ಇನ್ನ ಬಿಟ್ಟೇನು” ಎಂಬ ಮಾತನ್ನು ಮನೆಯವರು ಒಪ್ಪಬಾರದು.

ಹಣದ ಚಿಂತೆಯಿಂದ ತಡಮಾಡುವವರಿಗೆ: ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಮಾಡಿಸಿಕೊಳ್ಳಬೇಕು.

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಿಂಗಳ ಮೊದಲ ಭಾನುವಾರ ಮೂರು ಬೆರಳಿನ ಅಳತೆಯ ಚಿತ್ರವೊಂದನ್ನು ಅಚ್ಚು ಹಾಕಬೇಕೆಂದು ವಿನಂತಿ. ಅಮರಗೋಳದ ಎಪಿಎಂಸಿಯ ಹಮಾಲರು, ವಾಯವ್ಯ ಸಾರಿಗೆಯ ಡಿಪೋಗಳ ಚಾಲಕ-ನಿರ್ವಾಹಕರು, ಬ್ಯಾಡಗಿ ಮಾರುಕಟ್ಟೆಯ ಕೂಲಿಕಾರರ ನಡುವೆ ಬಾಯಿ ತಪಾಸಣೆ ಏರ್ಪಡಿಸಲು ಸಂಬಂಧಪಟ್ಟವರು ಮುಂದೆ ಬರಬೇಕು. ಬೇಕಾಗುವುದು ಟಾರ್ಚ್, ಕೈಗವಸು, ಮರದ ಚಪ್ಪಟೆ ಕಡ್ಡಿ, ತಲೆಗೆ ಐದು ನಿಮಿಷ. ಅದನ್ನು ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುಂಚೆ ಇಡಬೇಕು. ಮಧ್ಯಾಹ್ನವಾದರೆ ಬಾಯಲ್ಲಿ ಆಗಲೇ ಚೀಟು ಬಿದ್ದಿರುತ್ತದೆ, ಕೆನ್ನೆಯ ಬಣ್ಣ ತಿಳಿಯುವುದಿಲ್ಲ.

ಇಂತಿ,
ಬಾಯಿ ಕ್ಯಾನ್ಸರ್ ತಪಾಸಣೆ ಮತ್ತು ಆರೈಕೆಯಲ್ಲಿ ತೊಡಗಿರುವ ಆರೋಗ್ಯ ಕಾರ್ಯಕರ್ತರು,
ಹುಬ್ಬಳ್ಳಿ