ನನ್ನ ಪ್ಲಾಸ್ಟರ್ ಮ್ಯಾಲೆ "ಪಿಟಿ ಸರ್ ಔಟ್" ಅಂತ ಬರದ ಹುಡುಗ್ರಿಗೆ

ಮೊನ್ನೆ ನಮ್ಮ ಸಾಲ್ಯಾಗ ಸರಸ್ವತಿ ಪೂಜಿ, ಹತ್ತನೇತ್ತ ಹುಡುಗರ ಬೀಳ್ಕೊಡುಗಿ ಎರಡೂ ಒಂದ ದಿನ ಮುಗುದ್ವು. ಮೈಕ್ ನನ್ನ ಕೈಗೆ ಬಂದಾಗ ನಾ ಎದ್ದು ನಿಂತು "ಎಲ್ಲಾರೂ ಚಂದಂಗ ಬರೀರಿ" ಅಂದು ಕುಂತುಬಿಟ್ಟೆ. ಅದರ ಮುಂದ ಒಂದ್ ಮಾತು ಆಡಿದ್ರೂ ಅತ್ತುಬಿಡ್ತಿದ್ದೆ, ಮತ್ತ ಪಿಟಿ ಸರ್ ಸ್ಟೇಜ್ ಮ್ಯಾಲೆ ಅತ್ರು ಅಂತ ಆತಂದ್ರ ನಾಳೆ ಒಂಬತ್ತನೇತ್ತ ಹುಡುಗ್ರು ನಾ ಊದೋ ಸೀಟಿಗೆ ಕಿಮ್ಮತ್ತು ಕೊಡ್ತಾರೇನು. ಅದಕ್ಕ ಅಲ್ಲಿ ನುಂಗಿದ್ದನ್ನ ಇಲ್ಲಿ ಬರಿಯಾಕತ್ತೀನಿ. ಉದ್ದ ಆಗ್ತೈತಿ, ಬ್ಯಾಸರಾದ್ರ ಬಿಟ್ಟು ಹೋಗ್ರಿ.

ಕೊಪ್ಪಳ ಜಿಲ್ಲೆ ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ನಾಲೆ ಬಾಜೂಕ ನಮ್ಮ ಸರ್ಕಾರಿ ಹೈಸ್ಕೂಲು. ನಾನು ಅಲ್ಲಿ ಪಿಟಿ ಸರ್. ಹತ್ತನೇತ್ತದಾಗ ಪಿಟಿ ಸರ್ ಅಂದ್ರ ಏನಂತ ನಿಮಗೆಲ್ಲಾ ಗೊತ್ತೈತಿ. 625 ಮಾರ್ಕ್ಸಿನ್ಯಾಗ ನನ್ನದು ಅಂತ ಒಂದ್ ಮಾರ್ಕೂ ಇಲ್ಲ. ದಸರಾ ರಜಾ ಮುಗದ್ರ ಸಾಕು, ನನ್ನ ಪೀರಿಯಡ್ಡು ಗಣಿತದವ್ರು ಒಂದ್ ವಾರ, ಇಂಗ್ಲಿಷಿನವ್ರು ಒಂದ್ ವಾರ "ಇವತ್ತೊಂದಿನ ಕೊಡ್ರಿ ಸರ್" ಅಂತ ಇಸ್ಕೊಂಡು ಹೋಗ್ತಾರ, ಆ ಇವತ್ತೊಂದಿನ ಮಾರ್ಚ್ ತನಕ ಮುಗಿಯಂಗಿಲ್ಲ. ಸಿಟ್ಟು ಇಲ್ರಿ, ಅವ್ರಿಗೆ ಮ್ಯಾಲಿಂದ ರಿಸಲ್ಟ್ ಒತ್ತಡ ಇರ್ತೈತಿ. ಆದ್ರ ಒಂದು ಖರೇ, ಪರೀಕ್ಷಾ ಹತ್ರ ಬಂದಂಗ ಉಳದವ್ರಿಗೆ ಈ ಹುಡುಗ್ರು ಬರೀ ಪಾಸಾಗೋರು, ಅಂಚಿನ್ಯಾಗ ಇರೋರು, ಫೇಲಾಗೋರು ಅಂತ ಮೂರು ಪಟ್ಟಿ ಆಗಿ ಕಾಣಸ್ತಾರ. ನನಗ ಮಾತ್ರ ಯಾರು ಸೋತ್ರ ಅಳ್ತಾರ, ಯಾರು ಸೋತ್ರ ನಗ್ತಾರ, ಯಾರು ಸೋತಿದ್ದು ಅಂಪೈರ್‌ನಿಂದ ಅಂತ ವಾದ ಹಾಕ್ತಾರ, ಅದು ಗೊತ್ತಿರ್ತೈತಿ.

2024ರ ಜುಲೈ ಮೊದಲನೇ ವಾರ ನಾನು ಬಚ್ಚಲದಾಗ ಜಾರಿ ಬಿದ್ದೆ. ಇಪ್ಪತ್ತು ವರ್ಷ ಫೀಲ್ಡಿನ್ಯಾಗ ಓಡಿ ಒಂದ್ ದಿನಾನೂ ಬೀಳದಾಂವ ಬಚ್ಚಲದಾಗ ಬಿದ್ದೆ, ಅದೂ ಟವಲ್ ಮ್ಯಾಲೆ. ಮೊಣಕಾಲ ಕೆಳಗಿನ ಎಲುಬು ಮುರೀತು. ಆರು ವಾರ ಪ್ಲಾಸ್ಟರ್, ಆಮೇಲೆ ಇನ್ನೂ ಒಂದ್ ತಿಂಗಳು ವಾಕರ್ ಅಂದ್ರು ಡಾಕ್ಟರು. ಮನ್ಯಾಗ ಕುಂತು ಕುಂತು ತಲಿ ಕೆಟ್ಟು ಹೋತು. ನೋಡಾಕ ಬಂದವ್ರೆಲ್ಲಾ "ಅಯ್ಯೋ ಸರ್, ಇನ್ನ ಮೊದಲಿನಂಗ ಓಡಾಕ ಆಗಂಗಿಲ್ಲ ಬಿಡ್ರಿ" ಅಂತ ಚಾ ಕುಡುದು ಬಿಸ್ಕೀಟು ತಿಂದು ಹೇಳಿ ಹೋಗೋರು. ಒಬ್ಬರಂತೂ ಕುಂತು ಮಾಡೋ ಕೆಲಸಕ್ಕ ಅರ್ಜಿ ಹಾಕ್ರಿ ಅಂದ್ರು. ರಾತ್ರಿ ಅದನ್ನ ನೆನಸಿ ನಿದ್ದಿ ಬರ್ತಿದ್ದಿಲ್ಲ.

ಒಂದ್ ಐತವಾರ ಮುಂಜಾನೆ ಹನ್ನೊಂದಕ್ಕ ನಮ್ಮ ಗಂಗಾವತಿ ಮನಿ ಬಾಗಲಾಗ ಗದ್ದಲ. ನಮ್ಮಾಕಿ ಹೋಗಿ ನೋಡಿದ್ರ 22 ಮಂದಿ. ಬಸ್ಸಿನ್ಯಾಗ ಬಂದಿದ್ರು, ಹುಡಿಗ್ಯಾರು ಆಧಾರ್ ತೋರಿಸಿ ಫ್ರೀ, ಹುಡುಗ್ರು ರೊಕ್ಕ ಕೂಡಿಸಿ ಟಿಕೀಟು ತಗೊಂಡು ಬಂದಿದ್ರಂತ, ಬರೋವಷ್ಟೊತ್ತಿಗೆ ಹುಡುಗ್ರ ಕಡೆ ಹಣ್ಣಿಗೆ ರೊಕ್ಕ ಉಳದಿದ್ದಿಲ್ಲ, ಹುಡಿಗ್ಯಾರು ಒಂದ್ ಡಜನ್ ಬಾಳಿಹಣ್ಣು ತಂದಿದ್ರು, ಅದರಾಗ ಮೂರು ದಾರ್ಯಾಗ ಹುಡುಗ್ರು ತಿಂದಿದ್ರು ಅಂತ ಒಳಗ ಬರಕ್ಕಿಂತ ಮೊದಲ ಕಂಪ್ಲೇಂಟು. ನಾನು ಈಗ "ಅಯ್ಯೋ ಸರ್" ಅಂತಾರ ಅಂತ ಮಾರಿ ಸಣ್ಣದು ಮಾಡ್ಕೊಂಡು ಕುಂತಿದ್ದೆ. ಅಷ್ಟರಾಗ ಹಿಂದಿನಿಂದ ಒಬ್ಬಾಂವ "ಸರ್, ಖೋಖೋದಾಗ ಡೈವ್ ಹೊಡಿಬೇಕು ಅಂತ ನಮಗ ಹೇಳಿದ್ರಿ, ಬಚ್ಚಲದಾಗ ಯಾಕ ಹೊಡದ್ರಿ" ಅಂದ. ನಮ್ಮಾಕಿ ಅಡಗಿಮನ್ಯಾಗ ನಕ್ಕಿದ್ದು ನನಗ ಕೇಳಿಸ್ತು. ಹತ್ತು ದಿನದ ಮ್ಯಾಲೆ ಆ ಮನ್ಯಾಗ ಯಾರೋ ನಕ್ಕಿದ್ರು. ಆಮೇಲೆ ಪೆನ್ನು ತಗದು ಪ್ಲಾಸ್ಟರ್ ಮ್ಯಾಲೆ ಒಬ್ಬೊಬ್ರು ಬರದ್ರು. ನಟ್ಟ ನಡುವ ದೊಡ್ಡದಾಗಿ "ಪಿಟಿ ಸರ್ ಔಟ್". ಮೀನಖಂಡದ ಕಡೆ, ನನಗ ಕಾಣಸದಲ್ಲಿ, "ಖೋ" ಅಂತ ಬರದಿದ್ರು, ಅದು ಪ್ಲಾಸ್ಟರ್ ಬಿಚ್ಚೋ ದಿನ ಡಾಕ್ಟರು ಓದಿ ಹೇಳಿದ ಮ್ಯಾಲೆ ಗೊತ್ತಾತು. ಹಿಂದಿನಿಂದ ಖೋ ಬಿದ್ರ ಎದ್ದು ಓಡಬೇಕಲ್ಲ, ಅದಕ್ಕ ಸರ್ ಅಂದ್ರು ಕೇಳಿದ್ರ.

ಆಗಸ್ಟ್ ಮೊದಲನೇ ವಾರ ಪ್ಲಾಸ್ಟರ್ ಸಮೇತ ಡ್ಯೂಟಿಗೆ ಹೋದೆ. ಮನ್ಯಾಗ ಬ್ಯಾಡಂದ್ರೂ ಹೋದೆ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂದು 19ನೇ ಗೇಟು ಚೈನು ಕಡದು ಕೊಚ್ಚಿಕೊಂಡು ಹೋತು. ನಮ್ಮ ಕಡ್ಯಾವ್ರಿಗೆ ಅದು ಸುದ್ದಿ ಅಲ್ಲ, ಎದಿ ಮ್ಯಾಲೆ ಕಲ್ಲು. ಆಗಷ್ಟ ನೆಲ್ಲು ನಾಟಿ ನಡದಿತ್ತು, ತುಂಬಿದ ಡ್ಯಾಂ ಕಣ್ಣೆದುರಿಗೆ ಖಾಲಿ ಆಗಾಕತ್ತಿತ್ತು, ಸೋಮವಾರ ಸಾಲಿಗೆ ಬಂದ ಹುಡುಗರ ಮಾರಿ ನೋಡಾಕ ಆಗ್ತಿದ್ದಿಲ್ಲ. ಅವರಪ್ಪಂದಿರ ಸಾಲ ಎಷ್ಟು, ಎಕರೆಗೆ ಗೊಬ್ಬರ ಎಷ್ಟು ಹಾಕ್ಯಾರ ಅಂತ ಈ ವಯಸ್ಸಿನ ಹುಡುಗ್ರು ಲೆಕ್ಕ ಹೇಳ್ತಾರ್ರೀ, ಗಣಿತದಾಗ ಫೇಲಾಗೋನೂ ಆ ಲೆಕ್ಕ ತಪ್ಪಂಗಿಲ್ಲ. ವಾರದಾಗ ಡ್ಯಾಂ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವ್ರು, ಆ ಮುಪ್ಪಿನ ವಯಸ್ಸಿನ್ಯಾಗ, ನಿಂತು ಸ್ಟಾಪ್ ಲಾಗ್ ಅಂದ್ರ ಗೇಟಿನ ಬದಲಿ ನೀರು ತಡಿಯೋ ಉಕ್ಕಿನ ತುಂಡು ಇಳಿಸಿ ನೀರು ನಿಲ್ಲಿಸಿದ್ರು, ಮುಂದ ಮಳಿ ಬಂದು ಡ್ಯಾಂ ಮತ್ತ ತುಂಬ್ತು. ಊರಾಗ ಎಲ್ಲಾರೂ ಉಸಿರು ಬಿಟ್ರು, ನಮ್ಮ ಹುಡುಗ್ರು ಉಸಿರು ಬಿಟ್ಟ ಮರುದಿನದಿಂದ ಅದನ್ನ ಅಡ್ಡಹೆಸರು ಮಾಡಿದ್ರು.

ಕ್ಲಾಸಿನ್ಯಾಗ ಒಬ್ಬ ಹುಡುಗ ಅದಾನ, ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡೋ ಒಬ್ರ ಮಗ, ಬಾಯಾಗ ಒಂದ್ ಮಾತು ನಿಂದ್ರಂಗಿಲ್ಲ. ಟ್ಯೂಬ್‌ಲೈಟ್ ಯಾರು ಒಡದ್ರು ಅಂತ ಹೆಡ್‌ಮಾಸ್ತರು ಕೇಳಾಕ ಬಾಯಿ ತಗದಿರಂಗಿಲ್ಲ, ಒಡದೋರ ಹೆಸರು, ಒಡದ ಚೆಂಡು, ಆ ಚೆಂಡು ಎಲ್ಲಿ ಮುಚ್ಚಿಟ್ಟಾರ ಎಲ್ಲಾ ಹೊರಗ. ಅವಂಗ "19ನೇ ಗೇಟು" ಅಂತ ಹೆಸರು ಬಿತ್ತು. ಅವನ ಬಾಯಿ ಮುಚ್ಚಿಸಾಕ ತಾಕತ್ತು ಇದ್ದಾಕಿ ಒಬ್ಬಾಕೆ, ಖೋಖೋ ಟೀಮಿನ ಕ್ಯಾಪ್ಟನ್ನು, ಬರೇ ಕಣ್ಣು ಬಿಟ್ರ ಸಾಕು. ಆಕಿ "ಸ್ಟಾಪ್ ಲಾಗ್". ಮತ್ತ ಸಾಲಿ ಬೆಲ್ಲು, ಮೈಕು, ಮಾಸ್ತರ ಸೈಕಲ್ಲು ಎಲ್ಲಾ ರಿಪೇರಿ ಮಾಡಿ ಒಂದ್ ಮಾತೂ ಆಡದ ಹೋಗೋ ಒಬ್ಬ ಸುಮ್ಮನ ಹುಡುಗಗ "ನಾಯ್ಡು ಅಜ್ಜ" ಅಂತ. ಹದಿನಾರು ವರ್ಷದ ಅಜ್ಜ. ಹೆದರಿಕಿಯಾಗಿದ್ದ ಮಾತನ್ನ ಇಷ್ಟು ಲಗೂನ ನಗಿ ಮಾಡೋದು ನನಗ ಇನ್ನೂ ಬಂದಿಲ್ಲ ನೋಡ್ರಿ.

ಅವತ್ತಿನ ಆಗಸ್ಟ್ 15ಕ್ಕ ಪರೇಡಿಗೆ ಕಮಾಂಡ್ ಕೊಡಾಕ ನಾ ನಿಂದ್ರಂಗ ಇದ್ದಿಲ್ಲ. ಸ್ಟಾಪ್ ಲಾಗ್ ಕೊಟ್ಲು. ಆಕಿ "ಸಾವಧಾನ್" ಅಂದಿದ್ದಕ್ಕ ಹುಡುಗ್ರು ಅಷ್ಟ ಅಲ್ಲ, ಧ್ವಜ ಕಟ್ಟಿ ಹತ್ರ ಚಾಕ್ಲೇಟ್ ಡಬ್ಬಿ ಹಿಡಕೊಂಡು ನಿಂತಿದ್ದ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಮೆಂಬರ್ರೂ ಅಟೆನ್ಷನ್ ಆದ್ರು. ನಾನು ಹೆಡ್‌ಮಾಸ್ತರ ರೂಮಿನಿಂದ ತಂದ ಕುರ್ಚಿ ಮ್ಯಾಲೆ ಕುಂತಿದ್ದೆ. ಆ ಕುರ್ಚಿದು ಒಂದು ಕತಿ. ದಿನಾ ಯಾರೋ ಒಬ್ರು ಸಾಹೇಬ್ರು ಬರ್ತಿದ್ರು, ಕುರ್ಚಿ ಒಳಗ ಹೋಗ್ತಿತ್ತು, ನಾ ಬೇವಿನ ಗಿಡದ ಕಟ್ಟಿ ಮ್ಯಾಲೆ ಕಾಲು ಚಾಚಿ ಕುಂತು ಸೀಟಿ ಊದ್ತಿದ್ದೆ, ಪ್ಲಾಸ್ಟರ್ ಬಿಚ್ಚಿದ ಮ್ಯಾಲೂ ವಾಕರ್ ಬಾಜೂಕ ಇಟ್ಕೊಂಡು ಅಲ್ಲೇ. ಟೀಮು ಹಂಗ ತಯಾರಾತು. ವಲಯ ಮಟ್ಟದಾಗ ಗೆದ್ರು, ತಾಲೂಕು ಫೈನಲ್‌ದಾಗ ಎರಡು ಪಾಯಿಂಟಿನಿಂದ ಸೋತ್ರು. ಸೋತ ಮ್ಯಾಲೆ ಒಬ್ಬಾಕಿ ನನ್ನ ಹತ್ರ ಬಂದು, "ಸರ್, ನೀವು ಓಡಿ ಬಂದು ಬೈತಿದ್ರ ಗೆಲ್ತಿದ್ವಿ, ಕುಂತು ಬೈದ್ರ ಹತ್ತಂಗಿಲ್ಲ" ಅಂದ್ಲು. ಅವತ್ತು ಸಂಜಿನ ನಾನು ವಾಕರ್ ಬಿಟ್ಟು ಅಂಗಳದಾಗ ನಾಲ್ಕು ಹೆಜ್ಜಿ ನಡದೆ. ಡಾಕ್ಟರಿಗೆ ಹೇಳಿಲ್ಲ ಇದನ್ನ.

2025ರ ಜನವರಿ 19ಕ್ಕ ದಿಲ್ಲಿಯಾಗ ಮೊದಲನೇ ಖೋಖೋ ವರ್ಲ್ಡ್ ಕಪ್ ಫೈನಲ್ಲು. ಕೊಪ್ಪಳ ಗವಿಮಠದ ಜಾತ್ರಿ ಗುಂಗು ಇನ್ನೂ ಇಳದಿದ್ದಿಲ್ಲ, ತೇರು, ದಾಸೋಹ, ರೊಟ್ಟಿ, ಮಿರ್ಚಿ ಅದ ಮಾತು. ಆದ್ರೂ ಅವತ್ತು ನಮ್ಮ ಮನ್ಯಾಗ ಒಂದ ಮೊಬೈಲಿಗೆ ಹದಿನಾಲ್ಕು ತಲಿ. ನಮ್ಮ ಹೆಣ್ಮಕ್ಕಳ ಟೀಮು ನೇಪಾಳಕ್ಕ 78-40 ಹೊಡೀತು, ಗಂಡಸರ ಟೀಮು 54-36. ಮೈಸೂರು ಜಿಲ್ಲೆ ಹಳ್ಳಿ ಹುಡುಗಿ ಚೈತ್ರಾ ಟೀಮಿನ್ಯಾಗ ಇದ್ಲು. ಕಬಡ್ಡಿ ಹುಡುಗ್ರು ಸಹಿತ ಅವತ್ತು ಖೋಖೋಕ್ಕ ಮರ್ಯಾದಿ ಕೊಟ್ರು, ಒಂದ ದಿನ.

ಮುಂದ ಏನಾಗ್ತೀರಿ ಅಂತ ನಾ ಯಾರಿಗೂ ಕೇಳಂಗಿಲ್ಲ, ಅದನ್ನ ಬಂದ ಅತಿಥಿಗಳೆಲ್ಲಾ ಕೇಳಿ ಅವ್ರು "ಡಾಕ್ಟರ್, ಇಂಜಿನಿಯರ್" ಅಂತ ಬಾಯಿಪಾಠ ಹೇಳಿ ರೂಢಿ ಆಗೇತಿ. ಸುಮ್ನ ಕುಂತಾಗ ತಾವ ಹೇಳ್ತಾರ. ಸ್ಟಾಪ್ ಲಾಗ್‌ಗೆ ಪೊಲೀಸ್ ಆಗಬೇಕು. ಕಾನ್‌ಸ್ಟೇಬಲ್‌ಗೆ ಹುಡಿಗ್ಯಾರಿಗೆ 157 ಸೆಂಟಿಮೀಟರ್ ಎತ್ತರ ಬೇಕು ಅಂತ ಎಲ್ಲೋ ಓದಿ ಬಂದು, ಆಟದ ಸಾಮಾನಿನ ರೂಮಿನ ಬಾಗಲ ಚೌಕಟ್ಟಿಗೆ ತಿಂಗಳಿಗೊಮ್ಮೆ ಪೆನ್ಸಿಲ್ ಗೆರಿ ಹಾಕಸ್ತಾಳ. ಜೂನಿನ್ಯಾಗ 154. ಫೆಬ್ರುವರಿಗೆ 155 ದಾಟೇತಿ. ಪಿಯುಸಿ ಮುಗಿಯೋತನ ಟೈಮ್ ಐತಿ, ನಮ್ಮ ಕಲ್ಯಾಣ ಕರ್ನಾಟಕದ ಕಡಿಗೆ ಸಂವಿಧಾನದ 371ಜೆ ಮೀಸಲಾತಿ ಐತಿ, ಎತ್ತರಕ್ಕ ಮಾತ್ರ 371ಜೆ ಇಲ್ಲಲ್ರಿ ಸರ್ ಅಂತಾಳ. ಆ ಗೆರಿ ಮ್ಯಾಲೆ ಬಣ್ಣ ಹಚ್ಚಬ್ಯಾಡ್ರಿ ಅಂತ ಹೆಡ್‌ಮಾಸ್ತರಿಗೆ ಹೇಳಿ ಇಟ್ಟೀನಿ. ನಾಯ್ಡು ಅಜ್ಜಗ ಐಟಿಐ, ಎಲೆಕ್ಟ್ರಿಷಿಯನ್ನು, ಎರಡನೇ ಮಾತಿಲ್ಲ. 19ನೇ ಗೇಟಿಗೆ ಬಸ್‌ಸ್ಟ್ಯಾಂಡಿನ್ಯಾಗ ಒಗ್ಗರಣಿ-ಮಿರ್ಚಿ ಬಂಡಿ ಇಡಬೇಕಂತ, ಗಿರಾಕಿ ಜೋಡಿ ಮಾತಾಡ್ತಾ ಇರಬಹುದಲ್ಲ ಅದಕ್ಕ. ನಕ್ಕೆ, ಆದ್ರ ಅವ ಎಣ್ಣಿ, ಕಡ್ಲಿಹಿಟ್ಟಿನ ರೇಟು ಹಾಕಿ ದಿನದ ಲಾಭ ಹೇಳಿದ ಮ್ಯಾಲೆ ನಗಿ ನಿಂತು ಹೋತು.

ಇನ್ನೊಬ್ಬಾಕಿ ಕುಷ್ಟಗಿ ಕಡ್ಯಾಕಿ, ಅಪ್ಪ ಅವ್ವ ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ, ಆಕಿ ಇಲ್ಲೇ ಅಜ್ಜಿ ಹತ್ರ. ಪಾಲಕರ ಸಭಿಗೆ ಅಜ್ಜಿ ಬರ್ತಿದ್ಲು, ಕುಂತಲ್ಲೇ ತೂಕಡಸ್ತಿದ್ಲು. ಆ ಹುಡುಗಿ ಆಸೆ ಕೇಳ್ರಿ, "ಸರ್, ಪಿಯುಸಿಗೆ ಕಳಸ್ತೀವಿ ಅಂತ ಅಪ್ಪ ಫೋನಿನ್ಯಾಗ ಹೂಂ ಅಂದಾನ, ನೀವು ಒಂದ್ಸಲ ಕೇಳಿ ಆ ಹೂಂ ಗಟ್ಟಿ ಮಾಡ್ರಿ." ನಾ ಫೋನ್ ಹಚ್ಚಿದೆ. ಗಟ್ಟಿ ಆಗೇತಿ. ಅಪ್ಪಾರ, ನೀವು ಇದನ್ನ ಓದಾಕತ್ತಿದ್ರ ಎಲ್ಲಾರ ಮುಂದ ಹೇಳಾಕತ್ತೀನಿ, ನಿಮ್ಮ ಮಾತು ನಾ ಮರತಿಲ್ಲ, ಜೂನಿಗೆ ಮತ್ತ ಫೋನ್ ಬರ್ತೈತಿ.

ಬೀಳ್ಕೊಡುಗಿ ದಿನ ಬ್ಯಾಚಿನವ್ರು ಸಾಲಿಗೆ ಏನಾರ ಕೊಡೋದು ಪದ್ಧತಿ. ನಮ್ಮಲ್ಲಿ ಗ್ವಾಡಿ ಗಡಿಯಾರಾನ ಆರು ಅದಾವ, ಆರೂ ಬ್ಯಾರೆ ಬ್ಯಾರೆ ಟೈಮ್ ತೋರಸ್ತಾವ. ಈ ಸಲ ಸ್ಟೇಜ್ ಮ್ಯಾಲೆ ಒಂದು ಕುರ್ಚಿ ತಂದಿಟ್ರು. ಕೆಂಪು ಪ್ಲಾಸ್ಟಿಕ್ ಕುರ್ಚಿ, ಕೈ ಇರೋದು. ಹಿಂದಗಡೆ ಬಿಳಿ ಪೇಂಟಿನ್ಯಾಗ "ಪಿಟಿ ಸರ್ ಸಲುವಾಗಿ ಮಾತ್ರ, ಸಾಹೇಬ್ರು ಬಂದ್ರೂ ಒಯ್ಯಬಾರದು", ಕೆಳಗ ಸಣ್ಣದಾಗಿ "ಕೊಡುಗೆ: 2024-25ನೇ ಸಾಲಿನ ವಿದ್ಯಾಥಿಗಳು". ಅರ್ಕಾವತ್ತು ಬಿಟ್ಟಾರ. ಕನ್ನಡ ಮೇಡಂ ಸ್ಟೇಜ್ ಮ್ಯಾಲೇನ ತಲಿ ಹಿಡಕೊಂಡ್ರು. ತಿದ್ದತೀವಿ ಅಂತ ಹುಡುಗ್ರು ಪೇಂಟ್ ಡಬ್ಬಿ ತಂದ್ರು, ನಾ ಬ್ಯಾಡ ಅಂದೀನಿ. ಹಂಗ ಇರಲಿ ಅದು.

ನಿಮಗೆಲ್ಲಾ ಥ್ಯಾಂಕ್ಸ್ ಲೇ. ಕಾಲು ಮುರದಾಂವ ಅಂತ ನನ್ನ ಒಂದ್ ಕಡೆ ಕುಂದ್ರಸಲಿಲ್ಲ ನೀವು. ಬೈಸ್ಕೊಂಡ್ರಿ, ತಿರುಗಿ ಅಂದ್ರಿ, ಕೆಲಸ ಹಚ್ಚಿದ್ರಿ. ಈಗ ಗ್ರೌಂಡಿನ್ಯಾಗ ಎರಡು ಸುತ್ತು ಓಡ್ತೀನಿ, ಮೂರನೇದಕ್ಕ ಒಂದೀಟು ಕುಂಟ್ತೀನಿ. ನಿಮ್ಮ ಗಣಿತ ಸರ್, ಇಂಗ್ಲಿಷ್ ಮೇಡಂಗೂ ಥ್ಯಾಂಕ್ಸ್, ನನ್ನ ಪೀರಿಯಡ್ ತಗೊಂಡಿದ್ದು ಮಾಫಿ. ಅನ್ನ ಸಾರು ನನಗ ಕಟ್ಟಿ ತನಕ ತಂದು ಕೊಟ್ಟ ಬಿಸಿಯೂಟದ ಅಕ್ಕಂದಿರಿಗೂ.

ಮಾರ್ಚ್ 21ಕ್ಕ ಕನ್ನಡ ಪೇಪರ್. ಹತ್ತಕ್ಕ ಶುರು, ಒಂಬತ್ತಕ್ಕ ಸೆಂಟರ್ ಮುಂದ ಇರ್ರಿ, ಹಾಲ್ ಟಿಕೆಟ್ ಮರೀಬ್ಯಾಡ್ರಿ, ಪೆನ್ನು ಎರಡೆರಡು. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಾಕ ಕೊಡ್ತಾರ, ಓದಾಕ ಅಷ್ಟ. 19ನೇ ಗೇಟು, ಇದು ನಿನಗ, ರೂಮಿನ್ಯಾಗ ಕ್ಯಾಮೆರಾ ಇರ್ತೈತಿ, ಮತ್ತ ನಂಬರ್ ಲಿಸ್ಟ್ ನೋಡೀನಿ, ಸ್ಟಾಪ್ ಲಾಗ್ ಬಾಜು ರೂಮಿಗೆ ಬಿದ್ದಾಳ. ಮೂರು ತಾಸು ನಿನ್ನ ಬಾಯಿ ನೀನ ಮುಚ್ಕೊಬೇಕು, ತಮ್ಮಾ.